ಜಾತಿನಾಯಿಯ ಮರಿಗೆ ಹಸಿ ಎಲುಬು: ಪ್ರೀತಿಗೂ ಒಂದು ಅಳತೆ ಬೇಕು



ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ರೈತ ಕುಟುಂಬವೊಂದು ಆಟೋದಲ್ಲಿ ನಾಯಿಮರಿಯೊಂದನ್ನು ತಂದು ಗುರುಮನೆಯ ಮುಂದೆ ಇಳಿಸಿತು. ಐದು ತಿಂಗಳ ಆಲ್ಸೇಷನ್ ಮರಿ. ಮೈ ತುಂಬಿಕೊಂಡು ಚೆನ್ನಾಗಿ ಬೆಳೆದಿತ್ತು. ಆದರೆ ಮುಂಗಾಲುಗಳು ಬಿಲ್ಲಿನಂತೆ ಬಾಗಿ, ಪಾದಗಳು ಹೊರಕ್ಕೆ ತಿರುಗಿದ್ದವು. "ಫಾದರ್, ದಿನಾ ಹಸಿ ಎಲುಬು ಹಾಕ್ತೀವಿ, ಎಮ್ಮೆಗೆ ತಂದ ಕ್ಯಾಲ್ಸಿಯಂ ಕೂಡ ಕುಡಿಸ್ತೀವಿ, ಆದರೂ ಕಾಲಿಗೆ ಬಲ ಬರ್ತಿಲ್ಲ. ಇನ್ನೂ ಜಾಸ್ತಿ ಹಾಕಬೇಕಾ?" ಎಂದು ಮನೆಯ ಯಜಮಾನರು ಕೇಳಿದರು.

ಈ ಪ್ರಶ್ನೆ ನಮ್ಮ ಮನಸ್ಸನ್ನು ಚುಚ್ಚಿತು. ಏಕೆಂದರೆ ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಇದೇ ತಪ್ಪನ್ನು ನಾವೇ ಮಾಡಿದ್ದೆವು. ಆಗ ಕಟುಕರ ಅಂಗಡಿಯಿಂದ ಪುಕ್ಕಟೆಯಾಗಿ ಬರುತ್ತಿದ್ದ ಎಲುಬನ್ನು ಮರಿಗೆ ಹೊಟ್ಟೆ ತುಂಬ ಹಾಕಿದೆವು. ಕಾಲು ಬಾಗತೊಡಗಿದಾಗ ಸುಣ್ಣಾಂಶ ಸಾಲದೆಂದು ಇಮ್ಮಡಿ ಹಾಕಿದೆವು. ಕೊನೆಗೆ ಪಶುವೈದ್ಯರೊಬ್ಬರು ಬಂದು ನೋಡಿ, "ಇದು ಕೊರತೆಯಲ್ಲ, ಅತಿಯಾದದ್ದು" ಎಂದಾಗ ಕಾಲ ಮೀರಿತ್ತು. ಆ ನಾಯಿ ಬದುಕಿತು, ನಮ್ಮನ್ನು ಪ್ರೀತಿಸಿತು, ಆದರೆ ಕೊನೆಯ ತನಕ ಕುಂಟುತ್ತಲೇ ನಡೆಯಿತು. ಆದುದರಿಂದ ಈ ಸಲದ ಕೃಷಿ-ಆರೋಗ್ಯ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಊರುಗಳಲ್ಲಿ ದೊಡ್ಡ ನಾಯಿಗಳು

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ನಮ್ಮ ಗದ್ವಾಲ್ ಸೀಮೆಯಲ್ಲಿ, ಹಾಗೆಯೇ ಮಕ್ತಲ್, ನಾರಾಯಣಪೇಟೆಯ ಕಡೆ, ನಾಯಿ ಹೊಸದಲ್ಲ. ಕುರಿಹಟ್ಟಿಗೆ ನಾಯಿ ಬೇಕು, ಹೊಲದ ಗುಡಿಸಲಿಗೆ ನಾಯಿ ಬೇಕು. ಆದರೆ ಹಿಂದಿನವರು ಸಾಕುತ್ತಿದ್ದದ್ದು ನಮ್ಮ ನಾಟಿ ನಾಯಿ. ಈಗ ಹತ್ತಿ ಬೀಜದ ಹೊಲ ಕಾಯಲು, ತೋಟದ ಮನೆ ಕಾಯಲು ರಾಯಚೂರಿನಿಂದಲೋ ಹೈದರಾಬಾದಿನಿಂದಲೋ ಆಲ್ಸೇಷನ್, ಲ್ಯಾಬ್ರಡಾರ್, ರಾಟ್‌ವೀಲರ್, ಗ್ರೇಟ್ ಡೇನ್ ಮರಿಗಳನ್ನು ಸಾವಿರಾರು ರೂಪಾಯಿ ಕೊಟ್ಟು ತರುತ್ತಾರೆ. ಕೃಷ್ಣೆಗೆ ಸೇರುವ ಘಟಪ್ರಭೆಯ ದಡದ ಮುಧೋಳದ ಬೇಟೆನಾಯಿಯನ್ನು ತರುವವರೂ ಇದ್ದಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ಮುಧೋಳ ನಾಯಿಯ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಅದರ ಮರಿಗಳು ಮೀರತ್ತಿನ ಸೇನಾ ತರಬೇತಿ ಕೇಂದ್ರಕ್ಕೂ ಹೋದವು.

ಮರಿ ಬಂದ ದಿನವೇ ನೆರೆಹೊರೆಯವರ ಸಲಹೆ ಶುರುವಾಗುತ್ತದೆ: "ದೊಡ್ಡ ಜಾತಿ, ಎಲುಬು ಗಟ್ಟಿಯಾಗಬೇಕು, ಹಸಿ ಎಲುಬು ಹಾಕಿ." ಕೇಳಲು ಸರಿಯಾಗಿಯೇ ಕಾಣುತ್ತದೆ. ಎಲುಬು ತಿಂದರೆ ಎಲುಬು ಬೆಳೆಯುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ದೇವರು ಸೃಷ್ಟಿಸಿದ ದೇಹದ ಲೆಕ್ಕ ಅಷ್ಟು ಸುಲಭವಲ್ಲ.

ಮರಿಯ ಎಲುಬು ಬೆಳೆಯುವ ಬಗೆ

ಗ್ರೇಟ್ ಡೇನ್ ಮರಿ ಹುಟ್ಟಿದಾಗ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಒಂದೂವರೆ ವರ್ಷದೊಳಗೆ 50 ಕಿಲೋ ದಾಟುತ್ತದೆ. ಮನುಷ್ಯನ ಮಗು ಹುಟ್ಟಿದಾಗಿನ ತೂಕದ ಇಪ್ಪತ್ತು ಪಟ್ಟು ಆಗಲು ಹದಿನೈದು ಹದಿನೆಂಟು ವರ್ಷ ಬೇಕು. ಇಷ್ಟು ವೇಗದ ಬೆಳವಣಿಗೆಯಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಸಣ್ಣ ಜಾತಿಯ ನಾಯಿಯ ಎಲುಬು ಹತ್ತು ತಿಂಗಳಿಗೆ ಬೆಳೆದು ನಿಂತರೆ, ದೊಡ್ಡ ಜಾತಿಯದು ಹನ್ನೆರಡರಿಂದ ಹದಿನೆಂಟು ತಿಂಗಳವರೆಗೂ ಬೆಳೆಯುತ್ತಲೇ ಇರುತ್ತದೆ.

ಬೆಳೆಯುವ ಎಲುಬಿನ ತುದಿಯಲ್ಲಿ ಮೆತ್ತನೆಯ ಮೃದ್ವಸ್ಥಿ ಇರುತ್ತದೆ. ಅದು ದಿನದಿನವೂ ಗಟ್ಟಿ ಎಲುಬಾಗಿ ಮಾರ್ಪಡುತ್ತದೆ. ಇದರ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತದೆ. ಮನೆಯನ್ನು ದೊಡ್ಡದು ಮಾಡಬೇಕಾದರೆ ಗೌಂಡಿ ಹೊಸ ಗೋಡೆ ಕಟ್ಟುತ್ತಾನೆ, ಕೂಲಿಯವನು ಹಳೆಯ ಗೋಡೆ ಕೆಡವುತ್ತಾನೆ. ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರೆ ಮಾತ್ರ ಮನೆ ಸರಿಯಾಗುತ್ತದೆ. ಎಲುಬಿನೊಳಗೂ ಹೀಗೆಯೇ ಕಟ್ಟುವ ಕಣಗಳೂ ಕೆಡಹುವ ಕಣಗಳೂ ಇವೆ. ರಕ್ತದಲ್ಲಿ ಕ್ಯಾಲ್ಸಿಯಂ ಅತಿಯಾದರೆ ದೇಹ ಕೆಡಹುವ ಕಣಗಳ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಆಗ ಎಲುಬು ಉದ್ದವಾಗುತ್ತಿದ್ದರೂ ಅದರ ಆಕಾರ ತಿದ್ದುವವರಿಲ್ಲ. ತುದಿಯ ಮೃದ್ವಸ್ಥಿಯೂ ಸರಿಯಾಗಿ ಎಲುಬಾಗದೆ ಉಳಿದುಬಿಡುತ್ತದೆ. ಮುಂಗಾಲಿನಲ್ಲಿ ಜೋಡಿಯಾಗಿರುವ ಎರಡು ಎಲುಬುಗಳಲ್ಲಿ ಒಂದು ಹಿಂದೆ ಬಿದ್ದು ಇನ್ನೊಂದು ಮುಂದೆ ಹೋದರೆ ಕಾಲು ಬಿಲ್ಲಾಗಿ ಬಾಗುತ್ತದೆ. ಭುಜ, ಮೊಣಕೈ, ಮಂಡಿಗಳ ಕೀಲುಗಳೂ ಕೆಡುತ್ತವೆ.

ಬೆಳೆದ ನಾಯಿಗೆ ಈ ಕಷ್ಟ ಕಡಿಮೆ. ಅದರ ಕರುಳು ಬೇಕಾದಷ್ಟು ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಬಹುಮಟ್ಟಿಗೆ ಹೊರಹಾಕುತ್ತದೆ. ಆದರೆ ಸುಮಾರು ಆರು ತಿಂಗಳೊಳಗಿನ ಮರಿಯ ಕರುಳಿಗೆ ಬಾಗಿಲು ಮುಚ್ಚುವುದು ಇನ್ನೂ ಸರಿಯಾಗಿ ಬರುವುದಿಲ್ಲ. ಕೊಟ್ಟದ್ದರಲ್ಲಿ ದೊಡ್ಡ ಪಾಲು, ಬೇಕಿರಲಿ ಬೇಡದಿರಲಿ, ಒಳಗೆ ಹೋಗಿಬಿಡುತ್ತದೆ.

ಇದು ಬರಿಯ ಊಹೆಯಲ್ಲ. ಹಾಲೆಂಡ್ ದೇಶದ ಯೂಟ್ರೆಕ್ಟ್ ವಿಶ್ವವಿದ್ಯಾಲಯದ ಪಶುವೈದ್ಯ ಹೇಜೆವಿಂಕೆಲ್ ಮತ್ತು ಅವರ ಸಂಗಡಿಗರು ಗ್ರೇಟ್ ಡೇನ್ ಮರಿಗಳ ಮೇಲೆ ನಡೆಸಿದ ಅಧ್ಯಯನವನ್ನು 1985ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಆಹಾರದಲ್ಲಿ ನೂರಕ್ಕೆ 1.1 ಭಾಗ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಅದರ ಮೂರು ಪಟ್ಟು, ಅಂದರೆ 3.3 ಭಾಗ. ಹೆಚ್ಚು ತಿಂದ ಮರಿಗಳಲ್ಲೇ ಎಲುಬಿನ ಬೆಳವಣಿಗೆ ಕೆಟ್ಟಿತು. ಮುಂದೆ ಸಣ್ಣ ಜಾತಿಯ ಪೂಡಲ್ ಮರಿಗಳಿಗೆ ಅಷ್ಟೇ ಹೆಚ್ಚು ಕೊಟ್ಟು ನೋಡಿದಾಗ ಅವು ಬಹುಮಟ್ಟಿಗೆ ತಾಳಿಕೊಂಡವು. "ನಮ್ಮ ಅಜ್ಜನ ಕಾಲದಿಂದ ಎಲುಬು ಹಾಕಿದ್ದೇವೆ, ಏನೂ ಆಗಿಲ್ಲ" ಎನ್ನುವವರಿಗೆ ಉತ್ತರ ಇಲ್ಲಿದೆ. ಅಜ್ಜನ ನಾಯಿ ನಿಧಾನವಾಗಿ ಬೆಳೆಯುವ ಹಗುರ ಮೈಯ ನಾಟಿ ನಾಯಿ. ನಿಮ್ಮ ಅಂಗಳದಲ್ಲಿರುವುದು ಬೇರೆಯೇ ದೇಹ.

ಲೆಕ್ಕ ಹಾಕಿ ನೋಡೋಣ. ಸುಮಾರು 10 ಕಿಲೋ ತೂಗುವ ಮೂರು ತಿಂಗಳ ದೊಡ್ಡ ಜಾತಿಯ ಮರಿಗೆ ದಿನಕ್ಕೆ ಎಲ್ಲ ಆಹಾರ ಸೇರಿ ಬೇಕಾಗುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ. ಒಣಗಿದ ಎಲುಬಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಕ್ಯಾಲ್ಸಿಯಂ ಇರುತ್ತದೆ. ಅಂದರೆ ಎರಡು ಮೂರು ಟೀ ಚಮಚ ಎಲುಬಿನ ಪುಡಿಯಲ್ಲಿ ಇಡೀ ದಿನದ ಪಾಲು ಮುಗಿಯಿತು. ಮರಿ ಕಚ್ಚಿ ನುಂಗುವ ಎಲುಬಿನ ತುಂಡುಗಳನ್ನು ಅಳೆಯುವವರು ಯಾರು? ಅದರ ಮೇಲೆ ಎಮ್ಮೆಯ ಬಾಟಲಿ ಬೇರೆ.

ಬರಿಯ ಮಾಂಸವೂ ತಪ್ಪೇ

ಹಾಗಾದರೆ ಎಲುಬು ಬಿಟ್ಟು ಬರಿಯ ಮಾಂಸ ಹಾಕೋಣವೇ? ಅದೂ ಸರಿಯಲ್ಲ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ; ಒಂದು ಪಾಲು ಕ್ಯಾಲ್ಸಿಯಂಗೆ ಹದಿನೈದು ಇಪ್ಪತ್ತು ಪಾಲು ರಂಜಕ. ನಮ್ಮ ಜೋಳದಲ್ಲಿಯೂ ಹಾಗೆಯೇ ರಂಜಕದ ಮುಂದೆ ಕ್ಯಾಲ್ಸಿಯಂ ತೀರ ಸ್ವಲ್ಪ. ಬರಿಯ ಮಾಂಸ, ಬರಿಯ ರೊಟ್ಟಿ ತಿಂದು ಬೆಳೆದ ಮರಿಯ ದೇಹ ತನ್ನ ಎಲುಬಿನಿಂದಲೇ ಸುಣ್ಣಾಂಶವನ್ನು ಕಿತ್ತುಕೊಳ್ಳುತ್ತದೆ. ಆಗ ಎಲುಬು ತೆಳುವಾಗಿ, ಹಾರಿದರೂ ಮುರಿಯುತ್ತದೆ. ಕ್ಯಾಲ್ಸಿಯಂ ಮತ್ತು ರಂಜಕ ಹೆಚ್ಚುಕಡಿಮೆ ಸಮವಾಗಿ, ಕ್ಯಾಲ್ಸಿಯಂ ತುಸು ಮೇಲಾಗಿ ಇರಬೇಕೆಂಬುದು ಬಲ್ಲವರ ಮಾತು.

ಬಾಗಿದ ಕಾಲನ್ನು ಕಂಡವರು "ಬಿಸಿಲಿಗೆ ಕಟ್ಟಿ" ಎನ್ನುವುದೂ ಉಂಟು. ಮನುಷ್ಯನ ಚರ್ಮ ಬಿಸಿಲಿನಿಂದ ಡಿ ಜೀವಸತ್ವ ಮಾಡಿಕೊಳ್ಳುವಂತೆ ನಾಯಿಯ ಚರ್ಮ ಬೇಕಾದಷ್ಟು ಮಾಡಿಕೊಳ್ಳಲಾರದು. ಅದಕ್ಕೆ ಆಹಾರದಿಂದಲೇ ಸಿಗಬೇಕು. ನಮ್ಮ ಸೀಮೆಯ ಏಪ್ರಿಲ್ ಬಿಸಿಲಿಗೆ ಮರಿಯನ್ನು ಕಟ್ಟಿದರೆ ಕಾಲು ನೆಟ್ಟಗಾಗುವುದಿಲ್ಲ, ಜೀವ ಹೋಗುತ್ತದೆ.

ಹಲ್ಲು ಮತ್ತು ಕರುಳು

ಹಸಿ ಎಲುಬಿನ ಪರವಾಗಿ ಮಾತನಾಡುವ ಪಶುವೈದ್ಯರೂ ಇದ್ದಾರೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆಸ್ಟ್ರೇಲಿಯಾದ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಬೆಳೆದ ನಾಯಿ ಎಲುಬು ಕಡಿದರೆ ಹಲ್ಲಿನ ಪಾಚಿ ಕಳೆಯುತ್ತದೆ ಎಂಬುದೂ ನಿಜ. ಬೇಯಿಸಿದ ಎಲುಬು ಚೂಪಾಗಿ ಸೀಳುವುದರಿಂದ ಅದು ಹಸಿಯದಕ್ಕಿಂತ ಹೆಚ್ಚು ಅಪಾಯ ಎಂಬುದೂ ನಿಜ. ನಾವು ಊಟ ಮಾಡಿ ಎಸೆಯುವ ಕೋಳಿ ಎಲುಬು ಎಂದಿಗೂ ನಾಯಿಯ ಬಾಯಿಗೆ ಹೋಗಬಾರದು.

ಆದರೆ ಹಸಿ ಎಲುಬಿನಿಂದ ಅಪಾಯವೇ ಇಲ್ಲ ಎಂದಲ್ಲ. ಗಟ್ಟಿ ಕಾಲೆಲುಬು ಕಡಿದು ದವಡೆಯ ದೊಡ್ಡ ಹಲ್ಲು ಸೀಳಿಹೋಗುತ್ತದೆ. ತುಂಡು ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ಹೆಚ್ಚು ತಿಂದ ಮರಿಯ ಮಲ ಸುಣ್ಣದ ಉಂಡೆಯಂತೆ ಬಿಳಿಯಾಗಿ ಗಟ್ಟಿಯಾಗಿ, ಮರಿ ಮುಕ್ಕಿರಿದು ಒದ್ದಾಡುತ್ತದೆ. ಮರಿ ಜೊಲ್ಲು ಸುರಿಸುತ್ತ ಓಕರಿಸಿದರೆ, ಮೇವು ಬಿಟ್ಟರೆ, ಮಲವಿಸರ್ಜನೆ ನಿಂತರೆ, ಗಂಟಲಿಗೆ ಕೈಹಾಕಿ ಎಳೆಯಬೇಡಿ, ಎಣ್ಣೆ ಕುಡಿಸಬೇಡಿ. ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ಹಸಿ ಮಾಂಸದಲ್ಲಿರುವ ಸಾಲ್ಮೊನೆಲ್ಲಾ ಮುಂತಾದ ರೋಗಾಣುಗಳು ನಾಯಿಯ ಬಾಯಿಂದ, ತಟ್ಟೆಯಿಂದ ಮನೆಯ ಮಕ್ಕಳ ಕೈಗೂ ಬರುತ್ತವೆಂಬುದನ್ನು ಮರೆಯಬೇಡಿ.

ಕುರಿ, ನಾಯಿ, ಮಗು: ಒಂದು ಕೆಟ್ಟ ಸುತ್ತು

ಇನ್ನು ಹೇಳುವುದು ನಾಯಿ ಸಾಕದವರಿಗೂ ಸಂಬಂಧಿಸಿದ್ದು. 2019ರ ಜಾನುವಾರು ಗಣತಿಯಂತೆ ತೆಲಂಗಾಣದಲ್ಲಿ 1 ಕೋಟಿ 90 ಲಕ್ಷ ಕುರಿಗಳಿದ್ದವು. ದೇಶದಲ್ಲಿ ಅದೇ ಮೊದಲ ಸ್ಥಾನ. ನಮ್ಮ ಪ್ರತಿ ಹಳ್ಳಿಯಲ್ಲೂ ಹಟ್ಟಿಗಳಿವೆ. ಹಬ್ಬಕ್ಕೆ, ಮದುವೆಗೆ, ಕ್ರಿಸ್ತ ಜಯಂತಿಗೆ, ಪಾಸ್ಕ ಹಬ್ಬಕ್ಕೆ ಕುರಿ ಕಡಿದಾಗ ಎಲುಬಿನ ಚೀಲದಲ್ಲಿ ಬರಿಯ ಎಲುಬು ಇರುವುದಿಲ್ಲ. ನೀರುಗುಳ್ಳೆಯಿದ್ದ ಪಿತ್ತಕೋಶದ ಚೂರು, ಶ್ವಾಸಕೋಶ, ಒಡೆದ ತಲೆ ಎಲ್ಲವೂ ಸೇರಿರುತ್ತವೆ. ನಾವು ತಿನ್ನಲು ಹೇಸುವುದನ್ನೇ ನಾಯಿಗೆ ಹಾಕುತ್ತೇವೆ.

ಆ ನೀರುಗುಳ್ಳೆಯೊಳಗೆ ಒಂದು ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿ ಅದನ್ನು ಹಸಿಯಾಗಿ ತಿಂದರೆ ಸುಮಾರು ಆರೇಳು ವಾರಗಳಲ್ಲಿ ಅದರ ಕರುಳಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಹುಳುಗಳು ಬೆಳೆದು ಮೊಟ್ಟೆ ಉದುರಿಸುತ್ತವೆ. ಆ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ನೀರಿಗೆ, ಸೊಪ್ಪಿಗೆ ಸೇರುತ್ತದೆ. ನಾಯಿ ಮೈ ನೆಕ್ಕಿಕೊಂಡಾಗ ಕೂದಲಿಗೂ ಅಂಟುತ್ತದೆ. ಕುರಿ ಮೇಯ್ದರೆ ಕುರಿಯಲ್ಲಿ ಗುಳ್ಳೆ. ಮಗು ಮರಿಯನ್ನು ಮುದ್ದಾಡಿ ಕೈ ತೊಳೆಯದೆ ರೊಟ್ಟಿ ತಿಂದರೆ ಮಗುವಿನಲ್ಲಿ ಗುಳ್ಳೆ. ಹೆಚ್ಚಾಗಿ ಪಿತ್ತಕೋಶದಲ್ಲಿ, ಅನಂತರ ಶ್ವಾಸಕೋಶದಲ್ಲಿ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕಿತ್ತಳೆಯಷ್ಟು ದಪ್ಪನಾದ ಮೇಲೆ ನೋವಾಗಿ ಕಾಣಿಸಿಕೊಳ್ಳುತ್ತದೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ವೈದ್ಯರು ಇದನ್ನು ಹೈಡಾಟಿಡ್ ರೋಗ ಎನ್ನುತ್ತಾರೆ.

ಕುರಿಯ ತಲೆಯನ್ನು ಹಸಿಯಾಗಿ ನಾಯಿಗೆ ಎಸೆಯುವುದರಿಂದ ಇನ್ನೊಂದು ಲಾಡಿಹುಳುವಿನ ಸುತ್ತು ನಡೆಯುತ್ತದೆ. ಕುರಿಮರಿ ತಲೆ ವಾಲಿಸಿ ಒಂದೇ ಕಡೆಗೆ ಸುತ್ತು ಹಾಕುತ್ತ, ಕೊನೆಗೆ ಬಿದ್ದು ಸಾಯುವುದನ್ನು ಕುರಿಗಾರರು ನೋಡಿದ್ದೀರಿ. ಅದರ ಮಿದುಳಿನಲ್ಲಿ ನೀರುಗುಳ್ಳೆ ಇರುತ್ತದೆ. ಆ ತಲೆಯನ್ನು ಮತ್ತೆ ನಾಯಿಯೇ ತಿಂದರೆ ಮುಂದಿನ ವರ್ಷದ ಕುರಿಮರಿಗಳಿಗೆ ನಾವೇ ರೋಗ ಬಿತ್ತಿದಂತೆ.

ಈ ಸುತ್ತನ್ನು ಕಡಿಯಬಹುದು. ಉತ್ತರ ಅಟ್ಲಾಂಟಿಕ್ ಸಾಗರದ ಕುರಿಗಾರರ ನಾಡಾದ ಐಸ್‌ಲೆಂಡಿನಲ್ಲಿ ಒಂದು ಕಾಲಕ್ಕೆ ಈ ಹೈಡಾಟಿಡ್ ರೋಗ ಬಹಳ ಹಬ್ಬಿತ್ತು. 1863ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಹರಾಲ್ಡ್ ಕ್ರಾಬೆ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿದರು. ಮರುವರ್ಷ ಅವರು ಬರೆದ ಕಿರುಪುಸ್ತಕವನ್ನು ಮನೆಮನೆಗೂ ಹಂಚಲಾಯಿತು. ಕುರಿಯ ಒಳಅಂಗಗಳನ್ನು ನಾಯಿಗೆ ಹಾಕಬೇಡಿ, ಹೂಳಿರಿ ಎಂಬುದೇ ಅದರ ಬೋಧನೆ. ಓದು ಬಲ್ಲ ಆ ಜನ ಓದಿ ನಡೆದುಕೊಂಡರು; ಮುಂದೆ ಕಾನೂನೂ ಬಂತು. 20ನೆಯ ಶತಮಾನದಲ್ಲಿ ಆ ನಾಡಿನಿಂದ ಈ ರೋಗ ಮರೆಯಾಯಿತು. ನಮ್ಮ ಪತ್ರಿಕೆಯ ಈ ಪುಟವೂ ಒಂದೆರಡು ಹಟ್ಟಿಗಳಲ್ಲಿ ಅಷ್ಟು ಕೆಲಸ ಮಾಡಿದರೆ ನಮಗೆ ಸಂತೋಷ.

ಹಾಗಾದರೆ ಏನು ಮಾಡಬೇಕು?

1. ಒಂದೂವರೆ ವರ್ಷದೊಳಗಿನ ದೊಡ್ಡ ಜಾತಿಯ ಮರಿಗೆ ಎಲುಬನ್ನು ಆಹಾರವಾಗಿ ಕೊಡಬೇಡಿ. ಕಡಿಯುವ ಚಪಲಕ್ಕೆ ಗಟ್ಟಿ ರಬ್ಬರಿನ ಆಟಿಕೆ, ದಪ್ಪ ಹಗ್ಗದ ಗಂಟು ಕೊಡಿ.

2. ದೊಡ್ಡ ಜಾತಿಯ ಮರಿಗಳಿಗೆಂದೇ ತಯಾರಿಸಿದ ಆಹಾರ ಕೊಳ್ಳುವ ಶಕ್ತಿಯಿದ್ದರೆ ಅದನ್ನೇ ಕೊಡಿ. ಅದರಲ್ಲಿ ಅಳತೆಯ ಕ್ಯಾಲ್ಸಿಯಂ ಇರುತ್ತದೆ. ಅದರ ಮೇಲೆ ಟಾನಿಕ್, ಎಲುಬಿನ ಪುಡಿ, ಎಮ್ಮೆಯ ಕ್ಯಾಲ್ಸಿಯಂ ಯಾವುದೂ ಬೇಡ.

3. ಮನೆಯೂಟವೇ ಆದರೆ ಚೆನ್ನಾಗಿ ಬೆಂದ ಅನ್ನ ಅಥವಾ ಜೋಳದ ನುಚ್ಚು, ಬೇಯಿಸಿದ ಮೊಟ್ಟೆ, ಎಲುಬಿಲ್ಲದ ಬೆಂದ ಮಾಂಸ, ಮೊಸರು, ಸ್ವಲ್ಪ ತರಕಾರಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ; ಆದ್ದರಿಂದ ನಮ್ಮ ಸಾರು, ಶೇರ್ವಾ ಬೇಡ. ಕ್ಯಾಲ್ಸಿಯಂ ಕೊರತೆ ತುಂಬಲು ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿಮಾಡಿ ಬಳಸಬಹುದು. ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಿಮ್ಮ ಮರಿಗೆ ಎಷ್ಟು ಎಂಬುದನ್ನು ತೂಕ ನೋಡಿ ಪಶುವೈದ್ಯರೇ ಹೇಳಲಿ.

4. ಹೊಟ್ಟೆ ಬಿರಿಯ ತಿನ್ನಿಸಬೇಡಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಅವುಗಳ ಜೀವಮಾನವಿಡೀ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಿಂತ ಕಾಲುಭಾಗ ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಕೀಲುನೋವೂ ತಡವಾಗಿ ಬಂತು.

5. ಈಗಾಗಲೇ ಕಾಲು ಬಾಗಿದ್ದರೆ ಎಲುಬು ಮತ್ತು ಕ್ಯಾಲ್ಸಿಯಂ ಇಂದೇ ನಿಲ್ಲಿಸಿ. ಬಿದಿರು ಕಟ್ಟಬೇಡಿ, ಮೆಟ್ಟಿಲು ಹತ್ತಿಸಬೇಡಿ, ಓಡಿಸಬೇಡಿ. ಎಲುಬು ಇನ್ನೂ ಬೆಳೆಯುತ್ತಿರುವಾಗಲೇ ವೈದ್ಯರಿಗೆ ತೋರಿಸಿದರೆ ಸರಿಪಡಿಸಲು ಅವಕಾಶವಿದೆ. ಹತ್ತಿರ ಪಶು ಆಸ್ಪತ್ರೆ ಇಲ್ಲದವರು 1962 ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಬಹುದು.

6. ಕುರಿಯ ಪಿತ್ತಕೋಶ, ಶ್ವಾಸಕೋಶ, ತಲೆಗಳನ್ನು ಹಸಿಯಾಗಿ ಯಾವ ನಾಯಿಗೂ ಹಾಕಬೇಡಿ. ಗುಳ್ಳೆ ಕಂಡದ್ದನ್ನೂ ಸತ್ತ ಕುರಿಯನ್ನೂ ನಾಯಿ ಕೆದರದಷ್ಟು ಆಳದಲ್ಲಿ ಹೂಳಿರಿ ಅಥವಾ ಸುಡಿರಿ.

7. ಕುರಿ ಇರುವ ಊರಿನ ನಾಯಿಗೆ ವರ್ಷಕ್ಕೆ ನಾಲ್ಕು ಸಲ ಜಂತುಮದ್ದು ಕೊಡಿಸಿ. ಅದರಲ್ಲಿ ಪ್ರಾಜಿಕ್ವಾಂಟೆಲ್ ಇರಬೇಕೆಂದು ಕೇಳಿ. ಎಲ್ಲ ಜಂತುಮಾತ್ರೆಯೂ ಲಾಡಿಹುಳುವನ್ನು ಕೊಲ್ಲುವುದಿಲ್ಲ. ಮಕ್ಕಳು ನಾಯಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲಿ.

ಕೊನೆಯ ಮಾತು

ಪವಿತ್ರ ಗ್ರಂಥದಲ್ಲಿ ನಾಯಿಗೂ ಜಾಗವಿದೆ. ತೊಬಿತನ ಮಗ ದೂರ ಪ್ರಯಾಣಕ್ಕೆ ಹೊರಟಾಗ ದೇವದೂತನ ಜೊತೆಗೆ ಮನೆಯ ನಾಯಿಯೂ ಹೊರಟಿತು. ಕಾನಾನ್ ನಾಡಿನ ತಾಯಿ ಯೇಸುಸ್ವಾಮಿಯ ಮುಂದೆ ಬೇಡಿದಾಗ, ಯಜಮಾನನ ಮೇಜಿನಿಂದ ಬೀಳುವ ತುಣುಕುಗಳ ಮಾತನ್ನು ಆಡಿದಳು. ಪ್ಲೇಗು ಬಡಿದು ಕಾಡಿನಲ್ಲಿ ಬಿದ್ದಿದ್ದ ಸಂತ ರೋಕರಿಗೆ ನಾಯಿಯೊಂದು ರೊಟ್ಟಿ ತಂದು ಕೊಟ್ಟಿತೆಂಬುದು ಧರ್ಮಸಭೆಯಲ್ಲಿ ಬಹುಕಾಲದಿಂದ ಬಂದ ಕಥೆ. ಆಗಸ್ಟ್ 16ರಂದು ಅವರ ಹಬ್ಬ. ನಾಯಿ ನಮಗೆ ರೊಟ್ಟಿ ತಂದರೆ, ನಾವು ಅದಕ್ಕೆ ಏನು ಹಾಕುತ್ತೇವೆ ಎಂದು ಯೋಚಿಸುವುದು ನ್ಯಾಯವೇ ಅಲ್ಲವೇ?

ಅಂದು ಗುರುಮನೆಯ ಮುಂದೆ ಬಂದ ಆ ಮರಿಯನ್ನು ಮರುದಿನವೇ ಪಶು ಆಸ್ಪತ್ರೆಗೆ ಕಳುಹಿಸಿದೆವು. ಎಲುಬು, ಬಾಟಲಿ ಎರಡೂ ನಿಂತಿವೆ. ಕಾಲು ಪೂರ್ತಿ ನೆಟ್ಟಗಾಗುವುದೋ ಇಲ್ಲವೋ, ಬಾಗುವುದು ಮಾತ್ರ ನಿಂತಿದೆ ಎಂದು ಮನೆಯವರು ಹೇಳಿದ್ದಾರೆ. ಅವರು ಪ್ರೀತಿಯಿಂದಲೇ ಹಾಕಿದ್ದರು, ಹಿಂದೆ ನಾವೂ ಪ್ರೀತಿಯಿಂದಲೇ ಹಾಕಿದ್ದೆವು. ಹೊಲಕ್ಕೆ ಗೊಬ್ಬರ ಅತಿಯಾದರೆ ಬೆಳೆ ಸುಟ್ಟುಹೋಗುವುದನ್ನು ಬಲ್ಲ ರೈತರು ನೀವು. ಅಂಗಳದ ಮರಿಯ ವಿಷಯದಲ್ಲೂ ಅದೇ ಬುದ್ಧಿಯನ್ನು ಬಳಸಿರಿ.

ದೇವರು ನಿಮ್ಮ ಮನೆಯ ಮಕ್ಕಳನ್ನೂ, ಹಟ್ಟಿಯ ಕುರಿಗಳನ್ನೂ, ಬಾಗಿಲು ಕಾಯುವ ಮೂಕಜೀವಿಗಳನ್ನೂ ಆಶೀರ್ವದಿಸಲಿ.

ನಿಮ್ಮ ಧರ್ಮಕೇಂದ್ರದ ಗುರುಗಳು